ಶೇಂಗಾದ ಬೇರಿನ ಕೆಂಪು

ಶ್ರೀಮಠದ ಮಹೋತ್ಸವದ ಅಂಗವಾಗಿ ದರೋಜಿಯಲ್ಲಿ ಕೂಡಿದ ಒಕ್ಕಲುಮಕ್ಕಳ ಸಭೆಯಲ್ಲಿ ಮಾಡಿದ ಉಪನ್ಯಾಸ



ನಾನು ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿ, ಓದಿದುದನ್ನೇ ಮಠದ ವಿದ್ಯಾರ್ಥಿಗಳಿಗೆ ಹೇಳುತ್ತ ಐವತ್ತು ವರ್ಷ ದಾಟಿದವನು. ಇಂಥವನು ಶೇಂಗಾದ ಬೇರನ್ನು ಕೈಯಲ್ಲಿ ಹಿಡಿದು ನಿಂತುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬಂದಿದ್ದರೆ ಅದು ಸಹಜವೇ. ಆದರೆ ನಾನು ಹುಟ್ಟಿದುದು ಇದೇ ದರೋಜಿಯ ಮಗ್ಗುಲಿನ ಒಂದು ಒಕ್ಕಲಮನೆಯಲ್ಲಿ. ಪಾಠಶಾಲೆಗೆ ಸೇರುವ ಮುನ್ನ ನಡೆದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಇಂದಿಗೂ ಮುಳ್ಳಿನಂತೆ ಇರುವುದು. ಅದನ್ನು ಮೊದಲು ಹೇಳಿಬಿಡುವೆನು.

ಆಗ ನನಗೆ ಹನ್ನೆರಡು ವರ್ಷ. ಪಕ್ಕದ ತೋಟದವರ ಬದನೆಯ ಗಿಡಗಳು ಸೊರಗಿ ಒಣಗಿದುವು. ಕಿತ್ತು ನೋಡಲಾಗಿ ಬೇರೆಲ್ಲ ಗಂಟುಗಟ್ಟಿದ್ದಿತು. ಅದೇ ವಾರ ನಮ್ಮ ಮಸಾರಿ ಹೊಲದಲ್ಲಿ ಕಳೆ ತೆಗೆಯುತ್ತಿರುವಾಗ ಶೇಂಗಾದ ಗಿಡವೊಂದು ಬೇರುಸಹಿತ ನನ್ನ ಕೈಗೆ ಬಂದಿತು. ಅದರ ಬೇರಿನಲ್ಲಿಯೂ ಗಂಟುಗಳು. ಕೆಲವು ಸಾಸಿವೆಯಷ್ಟು, ಕೆಲವು ಜೋಳದ ಕಾಳಿನಷ್ಟು. ಒಂದನ್ನು ಉಗುರಿನಿಂದ ಚಿವುಟಿದೆನು. ಬೆರಳಿಗೆ ಕೆಂಪು ಹತ್ತಿತು. “ಅಪ್ಪಾ, ಬೇರಿನಲ್ಲಿ ರಕ್ತ!” ಎಂದು ಕೂಗಿದೆನು. ಬದನೆಯ ರೋಗವೇ ನಮ್ಮ ಹೊಲಕ್ಕೂ ಹೊಕ್ಕಿತೆಂದು ತಂದೆಯವರು ಹೆದರಿದರು. ಆ ಮೂಲೆಯ ಪೈರನ್ನೆಲ್ಲ ಕೀಳಿಸಿ ಸುಡಿಸಿದರು. ಉಳಿದುದನ್ನಾದರೂ ಉಳಿಸಿಕೊಳ್ಳೋಣವೆಂದು ಸಾಲ ತಂದು ಯೂರಿಯಾ ಎರಚಿದರು. ಬಳ್ಳಿ ಸೊಂಪಾಗಿ ಹಬ್ಬಿತು. ಕಾಯಿ ಮಾತ್ರ ಹಿಡಿಯಲಿಲ್ಲ. ಆ ಸಾಲ ತೀರಲು ಎರಡು ವರ್ಷ ಬೇಕಾಯಿತು. ರೋಗವಲ್ಲದುದನ್ನು ರೋಗವೆಂದೆಣಿಸಿದ ನನ್ನ ಆ ಒಂದು ಕೂಗಿನ ಬೆಲೆ ಅದು. ತಂದೆಯವರು ಈಗ ಇಲ್ಲ. ಅವರಿಗೆ ಹೇಳಬೇಕಾಗಿದ್ದ ಮಾತನ್ನು ಇಂದು ಈ ಸಭೆಗೆ ಹೇಳುತ್ತಿರುವೆನು.

ಬದನೆಯ ಬೇರಿನ ಗಂಟು ಬೇರೆ, ಶೇಂಗಾದ ಬೇರಿನ ಗಂಟು ಬೇರೆ. ಮೊದಲನೆಯದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಜಂತುಹುಳುಗಳು ಒಳಹೊಕ್ಕು ಬೇರನ್ನೇ ಊದಿಸಿದುದು. ಅದನ್ನು ಬೇರಿನಿಂದ ಬಿಡಿಸಲಾಗದು, ಬಿಡಿಸಹೋದರೆ ಬೇರೇ ತುಂಡಾಗುವುದು. ಎರಡನೆಯದು ಬೇರಿನ ಮಗ್ಗುಲಿಗೆ ಮಣಿ ಪೋಣಿಸಿದಂತೆ ಅಂಟಿಕೊಂಡಿರುವುದು. ಬೆರಳಿನಿಂದ ಉಜ್ಜಿದರೆ ಉದುರುವುದು. ಸೀಳಿದರೆ ಒಳಗೆ ಕೆಂಪು. ಇದಕ್ಕೆ ಮೂಲಗ್ರಂಥಿಯೆಂದು ಹೆಸರಿಟ್ಟುಕೊಳ್ಳೋಣ. ಶೇಂಗಾಕ್ಕೂ ಜಂತುಹುಳುವಿನ ಬಾಧೆ ಬರಲಾರದೆಂದಲ್ಲ. ಆದರೆ ಈ ಎರಡು ಗುರುತುಗಳನ್ನು ತಿಳಿದವನು ಒಂದನ್ನು ಇನ್ನೊಂದೆಂದು ಭ್ರಮಿಸಲಾರನು.

ಈ ಮೂಲಗ್ರಂಥಿಯ ಕೆಲಸವೇನು? ಚರಕಸಂಹಿತೆಯಲ್ಲಿ ಧಾನ್ಯಗಳನ್ನು ಶೂಕಧಾನ್ಯ, ಶಮೀಧಾನ್ಯ ಎಂದು ವಿಭಾಗಿಸಿರುವರು. ಮುಳ್ಳುತೆನೆಯುಳ್ಳ ನೆಲ್ಲು, ಗೋದಿ ಮೊದಲಾದುವು ಶೂಕಧಾನ್ಯಗಳು. ಕೋಡಿನಲ್ಲಿ ಕಾಳುಗಟ್ಟುವ ಹೆಸರು, ಉದ್ದು, ತೊಗರಿ, ಹುರುಳಿ ಮೊದಲಾದುವು ಶಮೀಧಾನ್ಯಗಳು. ದಕ್ಷಿಣ ಅಮೆರಿಕದಿಂದ ಬಂದ ಶೇಂಗಾವೂ ಕುಲದಿಂದ ಈ ಎರಡನೆಯ ವರ್ಗಕ್ಕೇ ಸೇರಿದುದು. ಅಕ್ಕಿಯಲ್ಲಿ ನೂರಕ್ಕೆ 7 ಅಥವಾ 8 ಪಾಲು ಸಸಾರಜನಕವಿದ್ದರೆ ತೊಗರಿಬೇಳೆಯಲ್ಲಿ ಸುಮಾರು 22 ಪಾಲು, ಶೇಂಗಾದಲ್ಲಿ ಸುಮಾರು 25 ಪಾಲು ಇರುವುದು. ಪ್ರೋಟೀನು ಎಂದು ಈಗ ಎಲ್ಲರ ಬಾಯಲ್ಲಿರುವ ವಸ್ತುವೇ ಈ ಸಸಾರಜನಕ. ಸಾರಜನಕದಿಂದ ಕೂಡಿದುದು ಎಂಬುದೇ ಈ ಶಬ್ದದ ಅರ್ಥ. ಅದರ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕವೇ ಆಗಿರುವುದು. ಹಾಗಾದರೆ ಬೇಳೆಗೆ ಇಷ್ಟು ಸಾರಜನಕವು ಎಲ್ಲಿಂದ ಬಂದಿತು? ನಮ್ಮ ಮಸಾರಿ ಮಣ್ಣಿನಲ್ಲಿ ಅದು ಅಲ್ಪ. ಮೇಲಿನ ಗಾಳಿಯಲ್ಲಿಯಾದರೋ ನೂರಕ್ಕೆ 78 ಪಾಲು ಅದೇ. ಆದರೆ ಗಾಳಿಯ ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಒಂದನ್ನೊಂದು ಮೂರು ಹುರಿಯ ಹಗ್ಗದಿಂದೆಂಬಂತೆ ಬಿಗಿದುಕೊಂಡಿರುವುವು. ಅದನ್ನು ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ.

ಇದರ ಮರ್ಮವನ್ನು 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಎಂಬವರು, ವಿಲ್‌ಫಾರ್ಟ್ ಎಂಬವರೊಡಗೂಡಿ ಮಾಡಿದ ಪ್ರಯೋಗಗಳಿಂದ ಬಯಲಿಗೆ ತಂದರು. ಅವರು ಹಿಡಿದ ದಾರಿ ನಮ್ಮ ತಾರ್ಕಿಕರಿಗೆ ಪರಿಚಿತವಾದ ಅನ್ವಯವ್ಯತಿರೇಕದ ದಾರಿಯೇ. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವುದು ವ್ಯತಿರೇಕ. ಸಾರಜನಕವಿಲ್ಲದ ಮರಳನ್ನು ಕುಂಡಗಳಲ್ಲಿ ತುಂಬಿ, ಕಾಯಿಸಿ, ಬಟಾಣಿಯನ್ನು ಬಿತ್ತಿದರು. ಹೊಲದ ಮಣ್ಣಿನ ತಿಳಿಯನ್ನು ಸ್ವಲ್ಪ ಹೊಯ್ದ ಕುಂಡದಲ್ಲಿ ಬೇರಿಗೆ ಗ್ರಂಥಿಗಳು ಮೂಡಿ ಗಿಡವು ಹಸಿರಾಗಿ ಬೆಳೆಯಿತು. ಹೊಯ್ಯದ ಕುಂಡದಲ್ಲಿ ಗ್ರಂಥಿಯೂ ಇಲ್ಲ, ಬೆಳೆಯೂ ಇಲ್ಲ. ಓಟ್ಸ್ ಧಾನ್ಯಕ್ಕೆ ಆ ತಿಳಿಯಿಂದ ಯಾವ ಉಪಕಾರವೂ ಆಗಲಿಲ್ಲ. ಮಣ್ಣಿನ ತಿಳಿಯಲ್ಲಿದ್ದ ಆ ಸೂಕ್ಷ್ಮಜೀವಿಯನ್ನು 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬವರು ಬೇರ್ಪಡಿಸಿದರು. ರೈಜೋಬಿಯಂ ಎಂಬ ಹೆಸರಿನಿಂದ ನೀವು ಕೇಳಿರುವ ಬಳಗವೇ ಅದು. ನಮ್ಮ ಹಿರಿಯರು ಜೋಳ ಸಜ್ಜೆಗಳ ನಡುವೆ ತೊಗರಿ ಅಲಸಂದಿಗಳ ಅಕ್ಕಡಿ ಸಾಲನ್ನು ಬಿಡದೆ ಹಾಕುತ್ತಿದ್ದರು. ಅವರು ಕಾರ್ಯವನ್ನು ಬಲ್ಲವರಾಗಿದ್ದರು. ಕಾರಣವು ಆಮೇಲೆ ತಿಳಿದುಬಂದಿತು.

ಇನ್ನು ಗ್ರಂಥಿಯ ಒಳಗೆ ಏನು ನಡೆಯುವುದೆಂಬುದನ್ನು ನೋಡೋಣ. ಈ ಸೂಕ್ಷ್ಮಜೀವಿಯಲ್ಲಿ ನೈಟ್ರೋಜಿನೇಸ್ ಎಂಬ ಸಸಾರಜನಕವಿರುವುದು. ಅದು ಎರಡು ಭಾಗಗಳ ಜೋಡಿ. ಒಂದರಲ್ಲಿ ಕಬ್ಬಿಣ, ಮತ್ತೊಂದರಲ್ಲಿ ಕಬ್ಬಿಣದ ಸಂಗಡ ಮಾಲಿಬ್ಡಿನಂ ಎಂಬ ಲೋಹ. ಗಾಳಿಯ ಸಾರಜನಕದ ಬಿಗಿಯನ್ನು ಬಿಡಿಸಿ ಅಮೋನಿಯವಾಗಿ ಮಾಡುವುದು ಈ ಜೋಡಿಯೇ. ಅದೇ ಕಾರ್ಯವನ್ನು ಮನುಷ್ಯನು 1913ರಿಂದ ಕಾರ್ಖಾನೆಯಲ್ಲಿ ಮಾಡುತ್ತಿರುವನು; ಅದಕ್ಕೆ 400ರಿಂದ 500 ಡಿಗ್ರಿ ಶಾಖವೂ ಗಾಳಿಯ ಒತ್ತಡದ ನೂರಾರು ಮಡಿ ಒತ್ತಡವೂ ಬೇಕು. ಗ್ರಂಥಿಯಾದರೋ ಹೊಲದ ಮಣ್ಣಿನ ತಂಪಿನಲ್ಲಿಯೇ ಅದನ್ನು ಸಾಧಿಸುವುದು. ಹಾಗೆಂದು ಅದು ಬಿಟ್ಟಿಯ ಕೆಲಸವಲ್ಲ. ಸಾರಜನಕದ ಒಂದೊಂದು ಅಣುವಿಗೆ ಜೀವಕೋಶದ ಶಕ್ತಿದ್ರವ್ಯವಾದ ಎ.ಟಿ.ಪಿ. ಕಡಮೆಯೆಂದರೆ 16 ಅಣುಗಳಷ್ಟು ವೆಚ್ಚವಾಗುವುದು. ಆ ವೆಚ್ಚವನ್ನು ಗಿಡವು ತನ್ನ ಎಲೆಗಳು ಬಿಸಿಲಿನಲ್ಲಿ ಮಾಡಿದ ಸಕ್ಕರೆಯಿಂದ ಕೊಡುವುದು.

ಇಲ್ಲಿಯೇ ಒಂದು ದೊಡ್ಡ ತೊಡಕು. ಅಷ್ಟು ಶಕ್ತಿಯನ್ನು ಪಡೆಯಲು ಸೂಕ್ಷ್ಮಜೀವಿಯು ಚೆನ್ನಾಗಿ ಉಸಿರಾಡಬೇಕು, ಅಂದರೆ ಅದಕ್ಕೆ ಆಮ್ಲಜನಕ ಬೇಕು. ನೈಟ್ರೋಜಿನೇಸಿಗಾದರೋ ಆಮ್ಲಜನಕವೇ ವಿಷ; ಸೋಂಕಿದರೆ ಕೆಟ್ಟುಹೋಗುವುದು. ಆಮ್ಲಜನಕವನ್ನು ತಡೆದರೆ ಕೆಲಸಗಾರನು ಉಸಿರುಕಟ್ಟಿ ಸಾಯುವನು. ಬಿಟ್ಟರೆ ಅವನ ಹತಾರು ಹಾಳಾಗುವುದು. ಒಂದೇ ಗೂಡಿನಲ್ಲಿ ಎರಡನ್ನೂ ಕಾಪಾಡುವುದು ಹೇಗೆ?

ನಾನು ಚಿಕ್ಕಂದಿನಲ್ಲಿ ಕಂಡ ಆ ಕೆಂಪೇ ಇದಕ್ಕೆ ಉತ್ತರ. 1939ರಲ್ಲಿ ಜಪಾನಿನ ಕುಬೋ ಎಂಬವರು ಗ್ರಂಥಿಯ ಕೆಂಪು ಬಣ್ಣವನ್ನು ಪರೀಕ್ಷಿಸಿ, ಅದು ನಮ್ಮ ನೆತ್ತರಿನಲ್ಲಿರುವ ಹೀಮೋಗ್ಲೋಬಿನ್ ಜಾತಿಯ ವಸ್ತುವೇ ಎಂದು ಕಂಡುಕೊಂಡರು. 1945ರಲ್ಲಿ ಕೇಂಬ್ರಿಜ್ಜಿನ ಕೈಲಿನ್ ಮತ್ತು ವಾಂಗ್ ಎಂಬವರು ಅದನ್ನು ದೃಢಪಡಿಸಿದರು. ಇದಕ್ಕೆ ಈಗ ಲೆಗ್‌ಹೀಮೋಗ್ಲೋಬಿನ್ ಎಂದು ಹೆಸರು. ಹನ್ನೆರಡು ವರ್ಷದ ಹುಡುಗನು “ರಕ್ತ” ಎಂದು ಕೂಗಿದುದು ಪೂರ್ತಿ ಸುಳ್ಳಾಗಿರಲಿಲ್ಲ. ಅದು ರೋಗದ ರಕ್ತವೆಂದು ಬಗೆದುದೇ ತಪ್ಪು. ನಮ್ಮ ನೆತ್ತರಿನ ಹೀಮೋಗ್ಲೋಬಿನ್ ನಾಲ್ಕು ಎಳೆಗಳ ಕೂಟ; ಗ್ರಂಥಿಯದು ಒಂದೇ ಎಳೆ, ಅದರ ಮಡಿಲಿನಲ್ಲಿ ಒಂದು ಕಬ್ಬಿಣದ ಪರಮಾಣು. ಆಮ್ಲಜನಕವನ್ನು ಹಿಡಿಯುವುದರಲ್ಲಿ ಇದರ ಬಿಗಿ ನಮ್ಮದಕ್ಕಿಂತ ಹಲವು ಮಡಿ ಹೆಚ್ಚು. ಗ್ರಂಥಿಯಲ್ಲಿ ಕರಗಿರುವ ಗಿಡದ ಸಸಾರಜನಕಗಳಲ್ಲಿ ಸುಮಾರು ಕಾಲುಪಾಲು ಇದೊಂದೇ ಇರುವುದುಂಟು. ಇದು ಆಮ್ಲಜನಕವನ್ನು ಹಿಡಿದು ಕೈಯಿಂದ ಕೈಗೆ ದಾಟಿಸುತ್ತ ಸೂಕ್ಷ್ಮಜೀವಿಯ ಬಾಗಿಲಿಗೆ ಮುಟ್ಟಿಸುವುದು; ಬಿಡಿಯಾಗಿ ಅಲೆಯುವ ಆಮ್ಲಜನಕವನ್ನು ಮಾತ್ರ, ಗಾಳಿಯಾಡುವ ನೀರಿನಲ್ಲಿರುವುದರ ಹತ್ತುಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿ ಇರಿಸುವುದು. ಹೀಗೆ ಉಸಿರೂ ನಿಲ್ಲದು, ಹತಾರೂ ಕೆಡದು.

ಕೆಂಪಿದ್ದಲ್ಲಿ ಸಾರಜನಕದ ಲಾಭ ಕಂಡುಬಂದುದು ಅನ್ವಯ ಮಾತ್ರವಾಯಿತು. ಹೊಗೆ ಬೆಂಕಿಗಳು ಕೂಡಿದ್ದುದನ್ನು ಕಂಡ ಮಾತ್ರದಿಂದ ವ್ಯಾಪ್ತಿ ಸಿದ್ಧಿಸದೆಂದು ತಾರ್ಕಿಕರು ಹೇಳುವರಷ್ಟೆ. ವ್ಯತಿರೇಕವನ್ನು 2005ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಲೋಟಸ್ ಜಪಾನಿಕಸ್ ಎಂಬುದು ಶಮೀಧಾನ್ಯಗಳ ಕುಲದ ಒಂದು ಕಿರುಗಿಡ. ಹೆಸರು ಹೀಗಿದ್ದರೂ ಅದು ಕಮಲವಲ್ಲ. ಆ ಗಿಡದ ಗ್ರಂಥಿಗಳಲ್ಲಿ ಈ ಕೆಂಪು ಸಸಾರಜನಕವೊಂದು ಮಾತ್ರ ಹುಟ್ಟದಂತೆ ಮಾಡಿದರು. ಗ್ರಂಥಿಗಳೇನೋ ಮೂಡಿದುವು, ಸೂಕ್ಷ್ಮಜೀವಿಗಳೂ ಒಳಸೇರಿದುವು. ಆದರೆ ಅವು ಬಿಳಿಯ ಗ್ರಂಥಿಗಳು. ಅವುಗಳೊಳಗೆ ಬಿಡಿ ಆಮ್ಲಜನಕವು ಹೆಚ್ಚಿತು, ನೈಟ್ರೋಜಿನೇಸ್ ಇಲ್ಲವಾಯಿತು, ಗಿಡವು ಸಾರಜನಕವಿಲ್ಲದೆ ಬಡವಾಯಿತು. ಅದೇ ಗಿಡಕ್ಕೆ ಗೊಬ್ಬರದ ಸಾರಜನಕವನ್ನು ಕೊಟ್ಟಾಗ ಅದು ಯಾವ ಕೊರತೆಯೂ ಇಲ್ಲದೆ ಬೆಳೆಯಿತು. ಆದುದರಿಂದ ಗ್ರಂಥಿಯ ದುಡಿಮೆಗೆ ಕೆಂಪು ಅನಿವಾರ್ಯವೆಂಬುದು ಸಿದ್ಧವಾಯಿತು. ಧೂಮದಿಂದ ಅಗ್ನಿಯನ್ನು ಅನುಮಾನಿಸುವಂತೆ ಒಳಗಿನ ಕೆಂಪಿನಿಂದ ಗ್ರಂಥಿಯ ದುಡಿಮೆಯನ್ನು ಅನುಮಾನಿಸಬಹುದು.

ಈ ಕೆಂಪನ್ನು ಮಾಡುವವರು ಯಾರು? ಅದರ ಸಸಾರಜನಕದ ಎಳೆಯನ್ನು ನೇಯುವುದು ಗಿಡ; ಕಾಯುವುದು ಸೂಕ್ಷ್ಮಜೀವಿಯ ಹತಾರನ್ನು. ಇನ್ನೊಂದು ಸೋಜಿಗವನ್ನು ಜಪಾನಿನ ವಿಜ್ಞಾನಿಗಳು 2009ರಲ್ಲಿ ಕಂಡರು. ನೈಟ್ರೋಜಿನೇಸಿನ ಲೋಹದ ಗರ್ಭದಲ್ಲಿ ಹೋಮೋಸಿಟ್ರೇಟ್ ಎಂಬ ಒಂದು ಹುಳಿದ್ರವ್ಯವು ಸೇರಿರಬೇಕು. ಗ್ರಂಥಿವಾಸಿಗಳಾದ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಅದನ್ನು ಮಾಡಲರಿಯವು. ಗಿಡವೇ ಮಾಡಿ ಒದಗಿಸುವುದು. ಹೀಗೆ ಒಂದರ ಹತಾರಿನ ತುಣುಕು ಇನ್ನೊಂದರ ಮನೆಯಲ್ಲಿ ತಯಾರಾಗುವುದು. ಇದು ಬರಿಯ ನೆರೆಹೊರೆಯಲ್ಲ, ಒಂದೇ ಸಂಸಾರ.

ಹೊಲದ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರಲು ತನ್ನವನನ್ನು ಗಿಡವು ಗುರುತಿಸುವುದು ಹೇಗೆಂಬ ಪ್ರಶ್ನೆಯೂ ಸಸಾರಜನಕಗಳ ಶೋಧನೆಗೇ ಸೇರಿದುದು. ಇದರಲ್ಲಿ ಒಂದು ಪೂರ್ವಪಕ್ಷವಿದ್ದಿತು. ಸಕ್ಕರೆಯ ಜಾತಿಯ ಅಣುಗಳನ್ನು ಗುರುತಿಸಿ ಹಿಡಿದುಕೊಳ್ಳುವ ಲೆಕ್ಟಿನ್ ಎಂಬ ಸಸಾರಜನಕಗಳು ಬೇಳೆಕಾಳುಗಳಲ್ಲಿ ಹೇರಳವಾಗಿರುವುವು. ಅವೇ ಸೂಕ್ಷ್ಮಜೀವಿಯ ಮೈಮೇಲಿನ ಸಕ್ಕರೆಯನ್ನು ಮುಟ್ಟಿ ತಮ್ಮವನೆಂದು ಅರಿಯುವುವು ಎಂದು 1974ರ ಸುಮಾರಿನಲ್ಲಿ ಸೋಯಾ ಅವರೆಯನ್ನು ಪರೀಕ್ಷಿಸಿದ ಅಮೆರಿಕದವರು ವಾದಿಸಿದರು. ಆಮೇಲೆ 1990ರಲ್ಲಿ ಫ್ರಾನ್ಸಿನವರು, ಬೇರು ಸೂಸುವ ದ್ರವ್ಯಕ್ಕೆ ಉತ್ತರವಾಗಿ ಸೂಕ್ಷ್ಮಜೀವಿಯು ಕಳುಹುವ ನಾಡ್ ದ್ರವ್ಯವನ್ನು ಕಂಡುಹಿಡಿದರು. ಅದನ್ನು ಓದಿಕೊಳ್ಳುವ ಬೇರಿನ ಸಸಾರಜನಕಗಳನ್ನು 2003ರಲ್ಲಿ ಡೆನ್ಮಾರ್ಕಿನವರು ತೋರಿಸಿದರು. ಈಗಿನ ಸಿದ್ಧಾಂತದಲ್ಲಿ ಇವೇ ಮುಖ್ಯ, ಲೆಕ್ಟಿನ್ ಸಹಕಾರಿ ಮಾತ್ರ.

ಆದರೂ ಪೂರ್ವಪಕ್ಷವು ವ್ಯರ್ಥವಾಗಲಿಲ್ಲ. ನಮ್ಮ ಶೇಂಗಾಬೀಜದ ಲೆಕ್ಟಿನ್ ಒಳಗಿನಿಂದ ಹೇಗಿರುವುದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ಬಳಗದವರು 1994ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದೇ ಬಗೆಯ ನಾಲ್ಕು ಘಟಕಗಳಿರುವುವು. ಇಂಥ ನಾಲ್ಕು ಕೂಡಿದಾಗ ಎಲ್ಲ ಕಡೆಗೂ ಸಮನಾಗಿ ಮುಚ್ಚಿಕೊಂಡು ಕೂರುವುದೇ ಸಾಮಾನ್ಯ ನಿಯಮ. ಶೇಂಗಾದಲ್ಲಿಯಾದರೋ ಅವು ತೆರೆದ ಜೋಡಣೆಯಲ್ಲಿ ಕೂಡಿಕೊಂಡಿದ್ದುವು. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಉತ್ಸರ್ಗಕ್ಕೆ ಒಂದು ಅಪವಾದವು ನಮ್ಮ ಹೊಲದ ಕಾಳಿನಲ್ಲಿಯೇ ದೊರೆಯಿತು. ಶೇಂಗಾದ ನಡೆ ಮತ್ತೊಂದು ವಿಷಯದಲ್ಲಿಯೂ ಬೇರೆ. ಬಟಾಣಿ ಮೊದಲಾದುವುಗಳಲ್ಲಿ ಸೂಕ್ಷ್ಮಜೀವಿಯು ಬೇರಿನ ರೋಮದ ಮೂಲಕ ಒಳಹೊಗುವುದು. ಶೇಂಗಾದಲ್ಲಿ ಕವಲುಬೇರು ಸೀಳಿಕೊಂಡು ಹೊರಡುವ ಬಿರುಕೇ ಬಾಗಿಲು. ಆದುದರಿಂದಲೇ ಅದರ ಗ್ರಂಥಿಗಳು ಕವಲುಗಳ ಸಂದಿನಲ್ಲಿ ಕುಳಿತಿರುವುದನ್ನು ನೀವೇ ನೋಡಬಹುದು.

ಇನ್ನು ನಮ್ಮ ಸೀಮೆಗೆ ಬರೋಣ. ಈ ಮಂಟಪದಿಂದ ಹೊರಬಂದರೆ ಸೊಂಡೂರಿನ ಗುಡ್ಡಗಳ ಸಾಲು. ಅದರ ಅದಿರಿನಲ್ಲಿ ಹೆಚ್ಚಿನದು ಕಬ್ಬಿಣ. ಮಸಾರಿಯ ಕೆಂಪೂ ಕಬ್ಬಿಣದ್ದೇ. ಗ್ರಂಥಿಯ ಕೆಂಪಿಗೂ, ನೈಟ್ರೋಜಿನೇಸಿನ ಎರಡು ಭಾಗಗಳಿಗೂ, ನಮ್ಮ ನೆತ್ತರಿಗೂ ಬೇಕಾದುದು ಅದೇ ಲೋಹ. ಇಷ್ಟು ಕಬ್ಬಿಣದ ನಾಡಿನಲ್ಲಿ ಬೆಳೆಗೆ ಕಬ್ಬಿಣದ ಬಡತನ ಬರುವುದೆಂದರೆ ನಂಬುವವರಾರು? ಆದರೂ ಬರುವುದುಂಟು. ಮಣ್ಣಿನಲ್ಲಿರುವ ಕಬ್ಬಿಣವು ತುಕ್ಕಿನಂತೆ ಕರಗದ ರೂಪದಲ್ಲಿರುವುದು. ಸುಣ್ಣಗಲ್ಲು ಬೆರೆತ ಎರೆಭೂಮಿಯಲ್ಲಿ ಬೇರು ಅದನ್ನು ಕರಗಿಸಿಕೊಳ್ಳಲಾರದು. ಆಗ ಶೇಂಗಾದ ಎಳೆಯ ಎಲೆಗಳು, ನರಗಳು ಹಸಿರಾಗಿದ್ದು ನಡುವೆಲ್ಲ ಹಳದಿಯಾಗುವುವು. ಇಂಥ ನೆಲದ ಶೇಂಗಾವನ್ನು ಪರೀಕ್ಷಿಸಿದ ಆಸ್ಟ್ರೇಲಿಯ, ಥಾಯ್‌ಲೆಂಡ್ ದೇಶಗಳ ವಿಜ್ಞಾನಿಗಳು 1988ರಲ್ಲಿ, ಕಬ್ಬಿಣದ ಕೊರತೆಯಿಂದ ಗ್ರಂಥಿಗಳ ಬೆಳವಣಿಗೆಯೇ ವಿಶೇಷವಾಗಿ ಕುಂಠಿತವಾಗುವುದೆಂದು ತೋರಿಸಿದರು.

ಇಲ್ಲಿಯೇ ಒಕ್ಕಲಿಗನು ಮೋಸಹೋಗುವುದು. ಎಲೆ ಹಳದಿಯಾಯಿತೆಂದು ಅವನು ಯೂರಿಯಾ ಎರಚುವನು. ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುವುದು. ಕಬ್ಬಿಣದ ಕೊರತೆಯಾದರೆ ತುದಿಯ ಎಳೆಯ ಎಲೆ. ಎರಡನೆಯದಕ್ಕೆ ಮದ್ದು ಯೂರಿಯಾ ಅಲ್ಲ, ಅನ್ನಭೇದಿ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ 1 ಗ್ರಾಂ ಸಿಟ್ರಿಕ್ ಆಮ್ಲವನ್ನೂ ಬೆರೆಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸುವ ಕ್ರಮವುಂಟು. ನಿಮ್ಮ ಮಣ್ಣನ್ನು ಪರೀಕ್ಷೆ ಮಾಡಿಸಿ, ಕೃಷಿ ಇಲಾಖೆಯವರನ್ನು ಕೇಳಿ ಮಾಡುವುದು ಲೇಸು.

ಯೂರಿಯಾವು ಕೆಟ್ಟದೆಂದು ನಾನು ಹೇಳುತ್ತಿಲ್ಲ. ನೆಲ್ಲಿಗೂ ಕಬ್ಬಿಗೂ ಬೇರಿನಲ್ಲಿ ಇಂಥ ಗೂಡಿಲ್ಲ. ಅವಕ್ಕೆ ಅದು ಬೇಕು. ಶೇಂಗಾಕ್ಕೂ ಬಿತ್ತುವಾಗ, ಗ್ರಂಥಿ ಮೂಡುವತನಕ ಆಧಾರವಾಗಲೆಂದು, ಅಲ್ಪವಾಗಿ ಕೊಡುವುದುಂಟು. ಆದರೆ ಮಣ್ಣಿನಲ್ಲಿ ಸಾರಜನಕವು ಸುಲಭವಾಗಿ ಹೇರಳವಾಗಿ ಸಿಕ್ಕರೆ ಗಿಡವು ತನ್ನ ಸಕ್ಕರೆಯನ್ನು ಗ್ರಂಥಿಗಳ ಮೇಲೆ ವೆಚ್ಚಮಾಡಲೊಲ್ಲದು. ಹೊಸ ಗ್ರಂಥಿಗಳು ಕಡಮೆಯಾಗುವುವು. ಇದ್ದುವುಗಳ ಕೆಂಪು ಕರಗಿ ಹಸಿರಿಗೆ ತಿರುಗುವುದು. ನಮ್ಮ ತಂದೆಯವರು ಸಾಲ ಮಾಡಿ ಎರಚಿದುದು ಕೆಲಸಗಾರರಿಗೆ ರಜೆ ಕೊಟ್ಟಂತಾಯಿತು.

ಲೆಕ್ಕವನ್ನೂ ಸ್ವಲ್ಪ ನೋಡಿರಿ. 45 ಕಿಲೋ ಯೂರಿಯಾ ಚೀಲದಲ್ಲಿ ನೂರಕ್ಕೆ 46ರಂತೆ ಸುಮಾರು 20 ಕಿಲೋ ಸಾರಜನಕವಿರುವುದು. ಚೆನ್ನಾಗಿ ಗ್ರಂಥಿ ಕಟ್ಟಿದ ಶಮೀಧಾನ್ಯದ ಪೈರು, ಮೇಲಿನ ಒಣಬಳ್ಳಿಯ ಒಂದೊಂದು ಟನ್ನಿಗೆ ಗಾಳಿಯಿಂದ ಹಿಡಿಯುವುದು ಸುಮಾರು 15ರಿಂದ 25 ಕಿಲೋ. ಅಂದರೆ ಟನ್ನಿಗೆ ಹೆಚ್ಚುಕಡಮೆ ಒಂದು ಚೀಲ. ಹಾಗೆಂದು ಶೇಂಗಾ ಬಿತ್ತಿದ ಮಾತ್ರಕ್ಕೆ ನೆಲವು ಕೊಬ್ಬುವುದೆಂದೂ ತಿಳಿಯಬಾರದು. ಕಾಳಿನಲ್ಲಿ ಒಂದು ಪಾಲು ಅಂಗಡಿಗೆ ಹೋಗುವುದು. ಬಳ್ಳಿಯನ್ನೆಲ್ಲ ಕಿತ್ತು ದನಗಳಿಗೆ ಹಾಕಿದರೆ ಮತ್ತೊಂದು ಪಾಲು ಹೋಗುವುದು. ಬಳ್ಳಿಯನ್ನು ತಿಂದ ದನದ ಗೊಬ್ಬರವು ಅದೇ ಹೊಲಕ್ಕೆ ಮರಳಿದರೆ ಮಾತ್ರ ಲೆಕ್ಕ ಸರಿಹೋಗುವುದು.

ಕಡೆಯದಾಗಿ ಮಾಡತಕ್ಕುದಿಷ್ಟು. ಶೇಂಗಾವು ಅಲಸಂದಿ, ಹೆಸರುಗಳ ನಂಟಿನ ಸೂಕ್ಷ್ಮಜೀವಿಗಳೊಡನೆ ಹೊಂದಿಕೊಳ್ಳುವುದರಿಂದ ನಮ್ಮ ನೆಲದಲ್ಲಿ ಅದಕ್ಕೆ ಗ್ರಂಥಿ ಮೂಡದಿರುವುದು ಅಪರೂಪ. ಆದರೆ ಮೂಡಿದುವೆಲ್ಲ ದುಡಿಯುವುವೆಂದಲ್ಲ. ಕಡಲೆಗೂ ಸೋಯಾ ಅವರೆಗೂ ತಮ್ಮದೇ ಜಾತಿಯ ಸೂಕ್ಷ್ಮಜೀವಿ ಬೇಕು. ಆದಕಾರಣ ಕೃಷಿ ವಿಶ್ವವಿದ್ಯಾಲಯಗಳು ಆಯಾ ಬೆಳೆಗೆಂದು ಕೊಡುವ ರೈಜೋಬಿಯಂ ಪುಡಿಯನ್ನು ಆರಿದ ಬೆಲ್ಲದ ನೀರಿನಿಂದ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಿರಿ. ಬಿಸಿಲಿನಲ್ಲಿಟ್ಟರೆ ಆ ಜೀವಿಗಳು ಸಾಯುವುವು. ಬಿತ್ತಿದ 35 ಅಥವಾ 40 ದಿನಗಳಿಗೆ, ಹೂವಾಡುವ ಹೊತ್ತಿಗೆ, ಹೊಲದ ನಾಲ್ಕು ಕಡೆಗಳಲ್ಲಿ ಒಂದೊಂದು ಗಿಡವನ್ನು ಜಗ್ಗದೆ, ಕುರ್ಚಿಗೆಯಿಂದ ಮಣ್ಣುಸಹಿತ ಅಗೆದು ನೀರಿನಲ್ಲಿ ತೊಳೆಯಿರಿ. ಹತ್ತು ಗ್ರಂಥಿಗಳನ್ನು ಉಗುರಿನಿಂದ ಸೀಳಿರಿ. ಹೆಚ್ಚಿನವು ಕೆಂಪಾಗಿದ್ದರೆ ಯೂರಿಯಾದ ದುಡ್ಡನ್ನು ಮನೆಯಲ್ಲಿಡಿರಿ. ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ, ಅಥವಾ ಗ್ರಂಥಿಗಳೇ ಇಲ್ಲದಿದ್ದರೆ, ಕಾರಣವನ್ನು ಬಲ್ಲವರಲ್ಲಿ ವಿಚಾರಿಸಿರಿ. ಈ ಪರೀಕ್ಷೆಗೆ ಕಾಸಿನ ವೆಚ್ಚವಿಲ್ಲ. ಬೇಕಾದುದು ಒಂದು ಉಗುರು, ಎರಡು ಕಣ್ಣು.

ಇಂದು ಮಧ್ಯಾಹ್ನ ಶ್ರೀಮಠದ ದಾಸೋಹದಲ್ಲಿ ನಿಮ್ಮೆಲ್ಲರ ಎಲೆಗೆ ಬೇಳೆಯ ಸಾರು ಬೀಳುವುದು. ಅದರ ಸಾರವೆಲ್ಲ ಯಾವುದೋ ಹೊಲದ ಬೇರಿನಲ್ಲಿ, ಯಾರೂ ನೋಡದ ಕತ್ತಲೆಯಲ್ಲಿ, ಈ ಕೆಂಪಿನ ಕಾವಲಿನಲ್ಲಿ ಕೂಡಿದುದು. ಈ ಸಭೆಯಲ್ಲಿ ಹನ್ನೆರಡು ವರ್ಷದ ಮಕ್ಕಳು ಅನೇಕರಿರುವರು. ನಾಳೆ ನಿಮ್ಮಲ್ಲಿ ಯಾರಾದರೂ ಶೇಂಗಾದ ಗಿಡವನ್ನು ಕಿತ್ತು, ಗಂಟನ್ನು ಚಿವುಟಿ, ಬೆರಳಿಗೆ ಕೆಂಪು ಹತ್ತಿದರೆ ಹೆದರಬೇಡಿರಿ. ತಂದೆಯನ್ನು ಕೂಗಿ ಕರೆಯಿರಿ. “ಅಪ್ಪಾ, ನಮ್ಮ ಬೇರು ದುಡಿಯುತ್ತಿದೆ” ಎಂದು ಹೇಳಿರಿ.